ಸಮುದ್ರಕ್ಕೆ ಹತ್ತು ನಿಮಿಷ

ಟೈಂಪೀಸ್ ಚಿಕ್ಕಪ್ಪ ಶಿಳ್ಳೆ ಊದಿದರೆ ಬಸ್ಸಷ್ಟೇ ಅಲ್ಲ, ಎದುರಿನ ಬೆಟ್ಟವೂ ಎರಡು ಮಾರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ನಂಬದವರು ಬೆಟ್ಟವನ್ನೇ ಕೇಳಬಹುದು. ಅಂಥ ಚಿಕ್ಕಪ್ಪ ಈಗ ಮೂರು ದಿನದಿಂದ ಫೋನನ್ನು ಅಂಗೈಯಲ್ಲಿಟ್ಟುಕೊಂಡು, ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ, ಅದು ಕುಂಯ್ ಅನ್ನುವುದನ್ನೇ ಕಾಯುತ್ತಿದ್ದರು.

ಅಣ್ಣನ ಮನೆಯವರು ಹನ್ನೊಂದು ಜನ ವ್ಯಾನು ಮಾಡಿಕೊಂಡು ನಾಲ್ಕು ದಿನದ ಪ್ರವಾಸ ಹೊರಡಲಿರುವುದು ಅವರಿಗೆ ತಿಳಿದದ್ದು ಮನೆಮಂದಿಯ ಫೋನ್ ಗ್ರೂಪಿನಿಂದ. ವ್ಯಾನಿಗೆ ಹನ್ನೆರಡು ಸೀಟು. ಹನ್ನೆರಡನೆಯದರಲ್ಲಿ ಬ್ಯಾಗು ಇಡೋಣ ಎಂದು ಅಣ್ಣನ ಮಗ ಬರೆದಿದ್ದ. ಬ್ಯಾಗಿಗೆ ಸೀಟು! ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಬಸ್ಸುಗಳ ವೇಳೆ ನೋಡುವ ಕಂಟ್ರೋಲರಾಗಿದ್ದವರಿಗೆ ಇದು ಸಹಿಸುವ ಮಾತೇ? ಯಾರೂ ಕೇಳದಿದ್ದರೂ ಅವತ್ತೇ ಪ್ರವಾಸದ ವೇಳಾಪಟ್ಟಿ ಹಾಕಲು ಕೂತರು.

ನಾಲ್ಕು ಹಾಳೆ. ಬ್ರಹ್ಮ ಹಣೆಬರಹ ಬರೆಯುವಾಗಲೂ ಇಷ್ಟು ನೆಟ್ಟಗೆ ಗೆರೆ ಎಳೆದಿರಲಾರ. ಯಾವ ತಿರುವಿನಲ್ಲಿ ಹೊಟ್ಟೆ ತೊಳೆಸುತ್ತದೆ, ಯಾವ ರೈಲ್ವೆ ಗೇಟು ಎಷ್ಟು ಹೊತ್ತಿಗೆ ಬೀಳುತ್ತದೆ, ಯಾವ ಪೆಟ್ರೋಲ್ ಬಂಕಿನ ಕಕ್ಕಸಿಗೆ ಚಿಲಕವಿಲ್ಲ, ಎಲ್ಲವೂ ಇತ್ತು. ಕಡೆಯಲ್ಲಿ ಎರಡೆರಡು ಅಡಿಗೆರೆ ಎಳೆದು ಬರೆದರು: ‘ದಾರಿ ಬಲ್ಲವರೊಬ್ಬರು ಜೊತೆಗಿದ್ದರೆ ಉತ್ತಮ.’ ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಅತ್ತಿಗೆಯಿಂದ ಒಂದು ಹೆಬ್ಬೆರಳು ಬಂತು. ಅದಾದ ಮೇಲೆ ಬೆಡ್‌ಶೀಟು ಯಾರು ತರ್ತೀರಿ ಎಂದು ಯಾರೋ ಕೇಳಿದರು. ಆ ಪ್ರಶ್ನೆಗೆ ಹದಿನೇಳು ಉತ್ತರ ಬಂದವು. ಪಟ್ಟಿಯ ಸುದ್ದಿ ಯಾರೂ ಎತ್ತಲಿಲ್ಲ.

ಮೂರನೆಯ ದಿನ ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತು. ಅಂಚೆ ಕಚೇರಿಗೆ ಹೊರಟಿದ್ದ ಅಣ್ಣನ ಮಗಳು ನಾಲ್ಕೂ ಹಾಳೆಗಳನ್ನು ಪ್ರಿಂಟು ಹಾಕಿಸಿಕೊಂಡು ಬಂದಿದ್ದಳು.

“ಬಾ ಬಾ. ದಾರಿ ಕೇಳೋಕೆ ತಾನೇ ಬಂದಿದ್ದು? ಕಣ್ಣಿಗೆ ಬಟ್ಟೆ ಕಟ್ಟು, ಸಮುದ್ರದವರೆಗೂ ಕರ್ಕೊಂಡು ಹೋಗ್ತೀನಿ. ನಲವತ್ತು ಸಲ ಹೋಗಿದೀನಿ!”

“ಹೋದ ವರ್ಷ ಇಪ್ಪತ್ತು ಅಂದಿದ್ರಿ.”

“ಆಗ ನೆನಪು ಕಮ್ಮಿ ಇತ್ತು.”

ಅವಳು ನಕ್ಕಳು. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟಳು. “ಇದೇನು ಚಿಕ್ಕಪ್ಪ? ಸರೋವರ ತಲುಪೋದು ಹತ್ತೂ ಹತ್ತಕ್ಕೆ, ಬಿಡೋದು ಹತ್ತೂ ಕಾಲಿಗೆ. ಕೋಟೆಗೆ ಎಂಟು ನಿಮಿಷ. ಸಮುದ್ರಕ್ಕೆ ಹತ್ತು ನಿಮಿಷ! ನಾವು ನೋಡೋದು ಯಾವಾಗ?”

“ಹತ್ತು ನಿಮಿಷ ಸಾಲ್ದಾ? ಧಾರಾಳವಾಯ್ತು. ಇಂಜಿನ್ನೂ ತಣ್ಣಗಾಗತ್ತೆ.”

“ಇಂಜಿನ್ ಬಿಡಿ. ನಲವತ್ತು ಸಲ ಹೋದ್ರಲ್ಲ, ಅಲ್ಲಿ ಇಳಿದು ನೀವೇನು ಮಾಡಿದ್ರಿ?”

ಬೇರೆ ಯಾರಾದರೂ ಕೇಳಿದ್ದರೆ ತಿಮಿಂಗಿಲವೊಂದು ದಡಕ್ಕೆ ಬಂದು ಕೈಕುಲುಕುತ್ತಿತ್ತು. ಇವತ್ತು ಅದು ಬರಲಿಲ್ಲ.

“ಇಳಿದ್ವಿ... ನೀರು ಕುಡಿದ್ವಿ.”

“ಸಮುದ್ರದ ನೀರಾ?”

ಕೆಳಗಿನ ಬೀದಿಯಲ್ಲಿ ಯಾರೋ ಕಬ್ಬಿಣದ ಷಟರನ್ನು ಎತ್ತಿದರು. ಚಿಕ್ಕಪ್ಪ ಅದು ಪೂರ್ತಿ ಮೇಲೇರುವ ತನಕ ಕೇಳಿಸಿಕೊಂಡರು.

“ನಿಜ ಹೇಳಿ ಚಿಕ್ಕಪ್ಪ. ಎಷ್ಟು ಸಲ?”

“ಒಂದ್ಸಲಾನೂ ಇಲ್ಲ.”

ಅವಳು ಹಾಳೆಯಿಂದ ಬೆರಳು ತೆಗೆದಳು. ನಕ್ಕಿದ್ದರೆ ಅವರು ಮತ್ತೊಂದು ಸುಳ್ಳು ಹೊಸೆಯುತ್ತಿದ್ದರೋ ಏನೋ.

“ಬಸ್ಸು ಹೊರಡೋದು ಗೊತ್ತು, ಬರೋದು ಗೊತ್ತು. ನಡುವೆ ಏನಿರತ್ತೆ ಅಂತ ಡ್ರೈವರುಗಳು ಹೇಳ್ತಿದ್ರು. ಅವರೂ ನೋಡಿರ್ತಿರಲಿಲ್ಲ ಬಿಡು, ಅಲ್ಲಿ ಹೋಗಿ ನಿದ್ದೆ ಹೊಡೀತಿದ್ರು.”

“ನಿಮಗೆ ಬಸ್ಸಿನ ಫ್ರೀ ಪಾಸಿತ್ತಲ್ಲ, ವರ್ಷಾ ವರ್ಷಾ?”

“ಇತ್ತು. ಒಬ್ಬನೇ ಹೋಗಿ, ‘ಅಲ್ನೋಡು’ ಅಂತ ಯಾರಿಗೆ ಹೇಳ್ಲಿ?”

ಅವಳು ಬಂದಾಗಿನಿಂದ ನಿಂತೇ ಇರುವುದು ಆಗ ಅವರ ಗಮನಕ್ಕೆ ಬಂತು. ಆ ಕೋಣೆಗೆ ಇದ್ದದ್ದು ಒಂದೇ ಕುರ್ಚಿ. ಗಡಬಡಿಸಿ ಎದ್ದು ಅದನ್ನು ಅವಳ ಕಡೆ ತಳ್ಳಿದರು.

“ನಂಗೆ ದಾರಿ ಗೊತ್ತಿಲ್ಲ ಮಗಳೇ. ಗೊತ್ತು ಅಂದ್ರೆ ಕರೀತೀರೇನೋ ಅಂದ್ಕೊಂಡೆ. ಬರೋಕೆ ಆಸೆ, ಅಷ್ಟೇ.”

ಅವಳು ಕೂರಲಿಲ್ಲ. ಅವರೂ ಮತ್ತೆ ಕೂರಲಿಲ್ಲ. ಕಿಟಕಿಯಿಂದ ಬಿದ್ದ ಬಿಸಿಲು ಇಬ್ಬರ ನಡುವಿನ ಖಾಲಿ ಕುರ್ಚಿಯ ಮೇಲೆ, ಹನ್ನೆರಡನೆಯ ಸೀಟಿನಲ್ಲಿಟ್ಟ ಬ್ಯಾಗಿನ ಹಾಗೆ, ಚೌಕವಾಗಿ ಕೂತಿತ್ತು.