ಹಳದಿ ಕೆಸ್ಟ್ರೆಲ್ ಮುಂದೆ, ಮರ್ಲ್ ಹಿಂದೆ

ಆರ್ಲೀನ್ ಕಾರಿನ ಹೊದಿಕೆಯ ತುದಿ ಹಿಡಿದು ಒಂದೇ ಸಲಕ್ಕೆ ಎಳೆದು ಗರಾಜಿನ ಮೂಲೆಗೆ ಬಿಸಾಡಿದಳು.

"ಅಯ್ಯಯ್ಯೋ, ಹಾಗೆಳೀಬೇಡಿ!" ವೆಂಡೆಲ್ ಎರಡೂ ಕೈ ಚಾಚಿಕೊಂಡು ಓಡಿಬಂದ. "ಮೂರು ಮಡಿಕೆ ಮಾಡ್ಕೊಂಡು ಮೆಲ್ಲಗೆ ತೆಗೀಬೇಕು. ಬಣ್ಣಕ್ಕೆ ಗೀರು ಬಿದ್ರೆ ಏನ್ ಗತಿ? ಮರ್ಲ್ ಇದ್ದಿದ್ರೆ..."

"ಮರ್ಲ್ ಇದ್ದಿದ್ರೆ ನಾನ್ಯಾಕೆ ಇದನ್ನ ಮುಟ್ತಿದ್ದೆ?"

ಗಂಡ ಸತ್ತು ಅಂದಿಗೆ ನಾಲ್ಕು ದಿನ. ಹತ್ತು ಗಂಟೆಗೆ ಚರ್ಚಿನಲ್ಲಿ ಪ್ರಾರ್ಥನೆ, ಆಮೇಲೆ ಸ್ಮಶಾನ. ಬೆಳಿಗ್ಗೆ ಎಂಟಕ್ಕೇ ಮರ್ಲ್‌ನ ಕಾರುಬಳಗದ ವೆಂಡೆಲ್ ತನ್ನ ಐದು ಜನ ಗೆಳೆಯರ ಸಮೇತ ಬಂದು ಗರಾಜಿನ ಬಾಗಿಲು ತಟ್ಟಿದ್ದ. ಆರೂ ಜನರ ಮೈಮೇಲೆ ಒಂದೇ ತರಹದ ಹಳದಿ ಜಾಕೆಟ್ಟು, ಬೆನ್ನ ಮೇಲೆ ರೆಕ್ಕೆ ಬಿಚ್ಚಿದ ಗಿಡುಗ. ಸಾವಿನ ಮನೆಗೆ ಬಂದವರೋ, ಚೆಂಡಾಟಕ್ಕೆ ಹೊರಟವರೋ ತಿಳಿಯುವಂತಿರಲಿಲ್ಲ.

ಹೊದಿಕೆಯಡಿಯಿಂದ ಕಂಡ ಕಾರಿನದೂ ಅದೇ ಬಣ್ಣ, ಬಾನೆಟ್ಟಿನ ಮೇಲೆ ಅದೇ ಗಿಡುಗ. ಪಕ್ಕೆಯುದ್ದಕ್ಕೂ ಎರಡು ಕಪ್ಪು ಪಟ್ಟೆ. ಗಿಡುಗದ ಒಂದು ಜಾತಿಯ ಮೇಲೆ ಕೆಸ್ಟ್ರೆಲ್ ಎಂದು ಅದರ ಹೆಸರು. ಎರಡೇ ಬಾಗಿಲು, ಹಿಂದಿನ ಸೀಟಿನಲ್ಲಿ ಮಕ್ಕಳೂ ಮಂಡಿ ಮಡಚಿ ಕೂರಬೇಕು. ನಲವತ್ತೇಳು ವರ್ಷದಲ್ಲಿ ಅದು ಓಡಿದ್ದು ಹನ್ನೊಂದು ಸಾವಿರ ಮೈಲಿ. ಆರ್ಲೀನ್ ಅಡುಗೆಮನೆಗೂ ಬಚ್ಚಲಿಗೂ ನಡೆದಾಡಿದ್ದೇ ಅದಕ್ಕಿಂತ ಹೆಚ್ಚಿದ್ದೀತು.

ಮರ್ಲ್ ತನ್ನ ಅಂತ್ಯಸಂಸ್ಕಾರ ಹೇಗೆ ನಡೆಯಬೇಕೆಂದು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದ. ಕಾರಿನ ಬಗ್ಗೆ ಒಂಬತ್ತು ಸಾಲು. ಶವದ ಗಾಡಿಯ ಮುಂದೆ ಅದು ಹೋಗಬೇಕು, ವೆಂಡೆಲ್ ಓಡಿಸಬೇಕು, ಬೇರೆ ಯಾರೂ ಸ್ಟೀರಿಂಗ್ ಮುಟ್ಟಕೂಡದು, ಟೈರಿನ ಗಾಳಿ ಇಷ್ಟೇ ಇರಬೇಕು. ಹೆಂಡತಿಯ ಬಗ್ಗೆ ಒಂದು ಸಾಲು: ಆರ್ಲೀನ್ ಹಿಂದಿನ ಕಾರಿನಲ್ಲಿ ಬರಲಿ.

ಆ ಹಾಳೆಯನ್ನು ಮಗಳು ಡೆನೀಸ್ ಎರಡು ಸಲ ಓದಿ, ಮಡಚಿ, ತಾಯಿಯ ಕೈಗೆ ಕೊಟ್ಟಿದ್ದಳು. "ನನ್ನ ಹೆಸರೇ ಇಲ್ವಲ್ಲಮ್ಮ."

"ನೀನು ಪೆಟ್ರೋಲ್ ಕುಡೀತಿದ್ರೆ ಇರ್ತಿತ್ತು."

*

ಮರ್ಲ್ ಹದಿನೇಳರ ಹುಡುಗನಾಗಿದ್ದಾಗ ಕೆಸ್ಟ್ರೆಲ್ ಎಂದರೆ ಬೇರೆಯೇ ಪ್ರಾಣಿ. ಎಂಟು ಸಿಲಿಂಡರಿನ ಎಂಜಿನ್ನು, ಊರ ಆಚೆ ಗುಡುಗಿದರೆ ಈಚೆ ಕಿಟಕಿ ನಡುಗುತ್ತಿತ್ತು. ಅಂಥದ್ದೊಂದನ್ನು ಕೊಳ್ಳಬೇಕೆಂದು ಅವನು ಗಾಜಿನ ಕಾರ್ಖಾನೆಯಲ್ಲಿ ಎಂಟು ವರ್ಷ ಬೆವರು ಸುರಿಸಿದ. ಕೈಗೆ ಅನುಕೂಲ ಬರುವ ಹೊತ್ತಿಗೆ ಕಾಲ ತಿರುಗಿತ್ತು. ಪೆಟ್ರೋಲ್ ಬಂಕುಗಳ ಮುಂದೆ ಮೈಲುದ್ದದ ಸಾಲು. ಜನ ದೊಡ್ಡ ಕಾರುಗಳನ್ನು ಸಿಕ್ಕಿದವರಿಗೆ ಸಾಗಹಾಕುತ್ತಿದ್ದರು. ಕಂಪನಿಯವರು ಕೆಸ್ಟ್ರೆಲ್ಲನ್ನು ಕುಗ್ಗಿಸಿ, ಅರ್ಧ ಎಂಜಿನ್ ಕಿತ್ತು, ಗ್ಯಾಲನ್ನಿಗೆ ಇಷ್ಟು ಮೈಲಿ ಎಂದು ಬರೆದು, ಅದೇ ಹೆಸರಿನಲ್ಲಿ ಮಾರಿದರು. ಕಸುವು ಕಡಿಮೆಯಾದಷ್ಟೂ ಪಟ್ಟೆ ಹೆಚ್ಚಾಗಿತ್ತು.

ಮರ್ಲ್ ಅದನ್ನು ತಂದ ದಿನ ಕಾರ್ಖಾನೆಯ ಗೇಟಿನಲ್ಲಿ ಗಂಡಸರೆಲ್ಲ ಸುತ್ತ ನೆರೆದರು. "ಮರ್ಲ್, ಈ ಆಟದ ಕಾರಿಗೆ ಕೀಲಿ ಎಲ್ಲಿ ಕೊಡೋದಪ್ಪಾ, ಬೆನ್ನಿಗಾ, ಹೊಟ್ಟೆಗಾ?" ಎಂದ ಒಬ್ಬ. ಮರ್ಲ್ ನಗಲಿಲ್ಲ. "ನಿಮಗೆ ಕಾರು ಅಂದ್ರೇನು ಅಂತ ಗೊತ್ತಿಲ್ಲ" ಎಂದು ಕರವಸ್ತ್ರದಿಂದ ಬಾಗಿಲ ಹಿಡಿ ಒರೆಸಿದ.

ಆ ಜುಲೈ ತಿಂಗಳ ಒಂದು ಭಾನುವಾರ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೇಟೆಯ ದೊಡ್ಡ ರಸ್ತೆಗೆ ಬಂದ. ಆರ್ಲೀನ್ ಆಗ ನಾಲ್ಕು ತಿಂಗಳ ಬಸುರಿ. ಸಿಗ್ನಲ್ಲಿನಲ್ಲಿ ಕೆಂಪು ದೀಪ. ಪಕ್ಕದಲ್ಲಿ ಒಂದು ಬ್ರೆಡ್ಡಿನ ವ್ಯಾನು ಬಂದು ನಿಂತಿತು. ಅದರ ಡ್ರೈವರು ಕೆಸ್ಟ್ರೆಲ್ಲಿನ ಪಟ್ಟೆಗಳನ್ನು ನೋಡಿ, ತುಟಿಯಲ್ಲೇ ನಕ್ಕು, ತನ್ನ ಎಂಜಿನ್ನನ್ನು ಎರಡು ಸಲ ಗುರುಗುಟ್ಟಿಸಿದ. ಮರ್ಲ್‌ನ ಕುತ್ತಿಗೆಯ ನರ ಉಬ್ಬಿತು. ಹಸಿರು ದೀಪ ಬಿದ್ದಿತು. ಮರ್ಲ್ ಪೆಡಲ್ಲನ್ನು ನೆಲಕ್ಕೆ ತುಳಿದ. ಕೆಸ್ಟ್ರೆಲ್ ಸದ್ದು ಮಾಡಿತು. ಸದ್ದೇನೋ ಬಹಳ ಮಾಡಿತು. ವ್ಯಾನು ಮುಂದೆ ಹೋಯಿತು. ಅದರ ಹಿಂಬಾಗಿಲಿನ ಮೇಲೆ ಬರೆದಿದ್ದ ನಗುಮುಖದ ಬ್ರೆಡ್ಡು ದೂರ ದೂರವಾಗುತ್ತ ಕಡೆಗೆ ಒಂದು ಚುಕ್ಕೆಯಾಯಿತು.

ಆರ್ಲೀನ್‌ಗೆ ಹೊಟ್ಟೆಯಾಳದಿಂದ ನಗು ಉಕ್ಕಿ ಬರುತ್ತಿತ್ತು. ಸೆರಗಿಲ್ಲದ ಉಡುಪಿನವಳು, ಅಂಗೈಯನ್ನೇ ಬಾಯಿಗೆ ಒತ್ತಿಕೊಂಡು ಗಂಡನ ಮುಖ ನೋಡಿದಳು. ಅವನೊಮ್ಮೆ ನಕ್ಕರೆ ಸಾಕಿತ್ತು. ಇಬ್ಬರೂ ರಸ್ತೆ ಬದಿಗೆ ಕಾರು ನಿಲ್ಲಿಸಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಮನೆಗೆ ಹೋಗಬಹುದಿತ್ತು.

"ನಾನು ಜೋರಾಗಿ ಓಡಿಸ್ಲೇ ಇಲ್ಲ" ಎಂದ ಮರ್ಲ್, ರಸ್ತೆಯಿಂದ ಕಣ್ಣು ಕೀಳದೆ. "ಹೊಸ ಎಂಜಿನ್ನು. ಇನ್ನೂ ಪಳಗಬೇಕು."

ಅವನು ಹಾಗೆ ಹೇಳಿದ್ದನ್ನು ಸ್ವತಃ ನಂಬಿದ ಎನ್ನುವುದು ಅವಳಿಗೆ ಅವನ ಮುಖದಲ್ಲೇ ಕಂಡಿತು. ಉಕ್ಕಿದ ನಗು ಇಳಿದುಹೋಯಿತು. ಗಂಡನನ್ನು ಕಂಡರೆ ಅವಳಿಗೆ ಮೊದಲ ಸಲ ತಾತ್ಸಾರ ಹುಟ್ಟಿದ್ದು ಅವತ್ತು.

*

ಚರ್ಚಿನಲ್ಲಿ ಪಾದ್ರಿಗಳು ಮರ್ಲ್ ಬಗ್ಗೆ ಹೇಳಲು ಏನಾದರೂ ಸಿಗುತ್ತದೆಯೇ ಎಂದು ಕಷ್ಟಪಟ್ಟು ಹುಡುಕಿದಂತಿತ್ತು. ಕುಡಿದವನಲ್ಲ, ಯಾರ ಮೇಲೂ ಕೈ ಎತ್ತಿದವನಲ್ಲ, ಮೂವತ್ತೆಂಟು ವರ್ಷ ಒಂದು ದಿನವೂ ಕೆಲಸಕ್ಕೆ ತಡವಾಗಿ ಹೋದವನಲ್ಲ. ಒಟ್ಟಿನಲ್ಲಿ ಕೆಟ್ಟವನಲ್ಲ.

ಕೆಟ್ಟವನಾಗುವುದಕ್ಕೂ ಒಂದಿಷ್ಟು ಕಸುವು ಬೇಕು ಎಂದುಕೊಂಡಳು ಆರ್ಲೀನ್.

ಆಮೇಲೆ ವೆಂಡೆಲ್ ಎದ್ದು ಮಾತಾಡಿದ. "ಕೆಳಭಾಗದಲ್ಲಿ ಕೂಡ ಒಂದೇ ಒಂದು ತುಕ್ಕಿನ ಚುಕ್ಕೆ ಇಲ್ಲ" ಎನ್ನುತ್ತ ಕಣ್ಣೊರೆಸಿಕೊಂಡ. ಹಿಂದೆ ಕೂತಿದ್ದ ಹಳದಿ ಜಾಕೆಟ್ಟುಗಳಲ್ಲಿ ಒಬ್ಬ ಮೂಗು ಸೀಟಿದ. ದೊಡ್ಡ ಎಂಜಿನ್ನಿನ ಹಳೆಯ ಕೆಸ್ಟ್ರೆಲ್ ಇದ್ದವರು ಇವರನ್ನು ತಮ್ಮ ಬಳಗಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ವರ್ಷಕ್ಕೊಮ್ಮೆ ನಡೆಯುವ ಹಳೇ ಕಾರುಗಳ ಪ್ರದರ್ಶನದಲ್ಲಿ ಇವರಿಗೆ ಸಿಗುತ್ತಿದ್ದ ಜಾಗ ತಾತ್ಕಾಲಿಕ ಕಕ್ಕಸುಗಳ ಪಕ್ಕ. ಅಲ್ಲೇ ಮಡಚುವ ಕುರ್ಚಿ ಹಾಕಿಕೊಂಡು, ಸಾಲಾಗಿ ನಿಂತ ಜನರಿಗೆ ತಮ್ಮ ಕಾರಿನ ಹಿರಿಮೆ ಹೇಳುತ್ತಿದ್ದರು. ಆ ಜನಕ್ಕೆ ಕೇಳದೆ ಬೇರೆ ದಾರಿ ಇರಲಿಲ್ಲ.

"ಅಕ್ಕಾ," ಪಕ್ಕದಲ್ಲಿದ್ದ ತಮ್ಮ ರೋಜರ್ ಆರ್ಲೀನ್‌ಳ ಕಿವಿಯಲ್ಲಿ ಉಸುರಿದ, "ಭಾವನ ಪೆಟ್ಟಿಗೆಗೂ ಎರಡು ಪಟ್ಟೆ ಬಳಿಸಿದ್ರೆ ಚೆನ್ನಾಗಿತ್ತು. ಸ್ವಲ್ಪ ಬೇಗ ತಲುಪ್ತಿದ್ದ."

"ಸುಮ್ನಿರೋ" ಎಂದಳು. ಎಡಗಡೆ ಕೂತಿದ್ದ ಡೆನೀಸ್ ಬಲಗೈಯ ಮೊಣಕೈಯನ್ನು ಎಡಗೈಯಲ್ಲಿ ಉಜ್ಜಿಕೊಳ್ಳುತ್ತಿದ್ದಳು. ಚಳಿ ಬಿದ್ದರೆ ಆ ಕೈ ನೋಯುತ್ತಿತ್ತು.

*

ಆಗ ಡೆನೀಸ್‌ಗೆ ಆರು ವರ್ಷ. ಹಿತ್ತಲಿನ ಮೇಪಲ್ ಮರದಿಂದ ಬಿದ್ದು ಕೈ ಮುರಿದುಕೊಂಡಳು. ಮೂಳೆ ಚರ್ಮದೊಳಗೇ ಓರೆಯಾಗಿ ಎದ್ದು ನಿಂತಿತ್ತು. ಮನೆಯ ಇನ್ನೊಂದು ಕಾರು ರಿಪೇರಿಗೆ ಹೋಗಿತ್ತು. ಮರ್ಲ್ ಗೆಳೆಯನ ಗಾಡಿಯಲ್ಲಿ ಕೆಲಸಕ್ಕೆ ಹೋಗಿದ್ದ. ಕೆಸ್ಟ್ರೆಲ್ ಗರಾಜಿನಲ್ಲಿ ಹೊದಿಕೆ ಹೊದ್ದು ಬೆಚ್ಚಗಿತ್ತು.

ಆರ್ಲೀನ್ ಕೀಲಿಗಾಗಿ ಅಡುಗೆಮನೆಯ ಮೊಳೆ ನೋಡಿದಳು, ಮೇಜಿನ ಖಾನೆ ನೋಡಿದಳು, ಅವನ ಕೋಟುಗಳ ಜೇಬುಗಳನ್ನೆಲ್ಲ ತಿರುವಿದಳು. ಕಾರ್ಖಾನೆಗೆ ಫೋನ್ ಮಾಡಿದಾಗ ಮರ್ಲ್ ಹೇಳಿದ: "ಕೀಲಿ ನನ್ ಹತ್ರ ಇದೆ. ಅದರ ಕ್ಲಚ್ ನಿಂಗೆ ಬರಲ್ಲ. ಪಕ್ಕದ ಮನೆಯೋರನ್ನ ಕೇಳು."

ಹನ್ನೆರಡನೆಯ ವಯಸ್ಸಿಗೇ ಅಪ್ಪನ ಟ್ರಾಕ್ಟರು ಓಡಿಸಿ ಜೋಳದ ಹೊಲ ಉತ್ತವಳು ಆರ್ಲೀನ್. ಪಕ್ಕದ ಮನೆಯವರು ಬಂದದ್ದು ಎರಡೂವರೆ ಗಂಟೆ ಕಳೆದ ಮೇಲೆ. ಅಷ್ಟು ಹೊತ್ತೂ ಮಗು ಅವಳ ತೊಡೆಯ ಮೇಲೆ ನಡುಗುತ್ತಿತ್ತು.

ಸಂಜೆ ಆಸ್ಪತ್ರೆಯಿಂದ ಮಗುವನ್ನು ಕರೆತಂದು ಮಲಗಿಸಿ ಕಿಟಕಿಯ ಹತ್ತಿರ ನಿಂತಿದ್ದಳು. ಮರ್ಲ್ ಗೆಳೆಯನ ಗಾಡಿಯಿಂದ ಇಳಿದ. ಮನೆಯ ಮೆಟ್ಟಿಲು ಹತ್ತಲಿಲ್ಲ. ನೇರ ಗರಾಜಿಗೆ ಹೋಗಿ, ಹೊದಿಕೆಯಡಿ ಕೈ ತೂರಿಸಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತ. ಬಿಸಿ ಇದೆಯೇ ಎಂದು ನೋಡುತ್ತಿದ್ದ. ತಣ್ಣಗಿತ್ತು. ಆಮೇಲೆ ಒಳಗೆ ಬಂದು, "ಮಗು ಹೇಗಿದೆ?" ಎಂದು ಕೇಳಿದ.

*

ಮೆರವಣಿಗೆ ಚರ್ಚಿನಿಂದ ಹೊರಟಿತು. ಮುಂದೆ ವೆಂಡೆಲ್ ಓಡಿಸುತ್ತಿದ್ದ ಕೆಸ್ಟ್ರೆಲ್, ಅದರ ಹಿಂದೆ ಪ್ರೂಯಿಟ್‌ನ ಶವದ ಗಾಡಿ, ಅದರ ಹಿಂದೆ ರೋಜರ್‌ನ ಕಾರಿನಲ್ಲಿ ತಾಯಿ ಮಗಳು, ಆಮೇಲೆ ಹಳದಿ ಜಾಕೆಟ್ಟಿನವರ ಪುಟ್ಟ ಕಾರುಗಳು, ಊರ ಜನ. ಶವಯಾತ್ರೆಯ ವಾಡಿಕೆಯಂತೆ ಎಲ್ಲ ಕಾರುಗಳ ದೀಪವೂ ಹಗಲಲ್ಲೇ ಉರಿಯುತ್ತಿತ್ತು. ಪ್ರೂಯಿಟ್ ಮೂವತ್ತು ವರ್ಷದಿಂದ ಊರಿನ ಹೆಣಗಳನ್ನು ಹೊತ್ತವನು. ಮುಂದಿನ ಕಾರಿನ ಹಿಂಭಾಗ ನೋಡಿಕೊಂಡು ಹೋಗುವುದಷ್ಟೇ ಅವನ ಕೆಲಸ.

ಸ್ಮಶಾನ ಒಂದು ದಿಬ್ಬದ ಮೇಲಿದೆ. ಗೇಟಿಗೆ ಇನ್ನೂರು ಗಜ ಇರುವಾಗ ಕೆಸ್ಟ್ರೆಲ್ ಕೆಮ್ಮಿತು, ಎರಡು ಸಲ ಮುಗ್ಗರಿಸಿತು, ನಿಂತಿತು. ಶವದ ಗಾಡಿ ನಿಂತಿತು. ಹಿಂದೆ ಹದಿನೇಳು ಕಾರು ಒಂದರ ಬೆನ್ನಿಗೊಂದು ನಿಂತವು. ವೆಂಡೆಲ್ ಕೀಲಿ ತಿರುಗಿಸಿದ, ಪೆಡಲ್ ಕುಟ್ಟಿದ, ಮತ್ತೆ ತಿರುಗಿಸಿದ. ಪೆಟ್ರೋಲಿನ ಘಾಟು ಇಳಿಜಾರಿನುದ್ದಕ್ಕೂ ಹರಡಿತು.

"ನೋಡಕ್ಕಾ," ಎಂದ ರೋಜರ್, "ಸತ್ತ ಮೇಲೂ ದಿಬ್ಬ ಹತ್ತಲಿಲ್ಲ ಭಾವ."

ಆರ್ಲೀನ್ ಬಾಗಿಲು ತೆಗೆದು ಇಳಿದಳು. ಶವದ ಗಾಡಿಯನ್ನು ದಾಟಿ ನಡೆದು, ಕೆಸ್ಟ್ರೆಲ್ಲಿನ ಕಿಟಕಿಗೆ ಬೆರಳಿನಿಂದ ಕುಟ್ಟಿದಳು. ವೆಂಡೆಲ್‌ನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು.

"ಇಳೀರಿ."

"ಒಂದ್ನಿಮಿಷ ಆರ್ಲೀನ್, ಇದರ ಸ್ವಭಾವ ನಂಗೊತ್ತು..."

"ಇಳೀರಿ ಅಂದೆ."

"ಬೇರೆ ಯಾರೂ ಮುಟ್ಟಬಾರದು ಅಂತ ಮರ್ಲ್ ಬರೆದಿಟ್ಟಿದಾನೆ!"

"ಮರ್ಲ್ ಹಿಂದಿನ ಗಾಡೀಲೇ ಮಲಗಿದಾನೆ. ಹೋಗಿ ಇನ್ನೊಂದ್ಸಲ ಕೇಳ್ಕೊಂಡ್ ಬನ್ನಿ."

ವೆಂಡೆಲ್ ನಿಜವಾಗಿಯೂ ಹಿಂತಿರುಗಿ ನೋಡಿದ. ಆಮೇಲೆ ಒಂದೊಂದೇ ಕಾಲು ಹೊರಗಿಟ್ಟು, ಬಾಗಿಲಿನ ಚೌಕಟ್ಟಿನಿಂದ ಹೊಟ್ಟೆ ಬಿಡಿಸಿಕೊಂಡು ಇಳಿದ.

ಸೀಟು ಗಟ್ಟಿಯಿತ್ತು. ಸ್ಟೀರಿಂಗ್ ಅವಳು ಅಂದುಕೊಂಡಿದ್ದಕ್ಕಿಂತ ತೆಳ್ಳಗಿತ್ತು. ಇನ್ನೊಂದು ಬಾಗಿಲು ತೆರೆದು ಡೆನೀಸ್ ಬಂದು ಕೂತಳು, ಯಾರೂ ಕರೆದಿರಲಿಲ್ಲ. ಆರ್ಲೀನ್ ಏನೂ ಮಾಡದೆ ಐದು ನಿಮಿಷ ಸುಮ್ಮನೆ ಕೂತಳು. ಹೆಚ್ಚಾದ ಪೆಟ್ರೋಲು ಆರಲಿ ಎಂದು ಮರ್ಲ್ ಹೀಗೇ ಕಾಯುತ್ತಿದ್ದುದನ್ನು ಪಕ್ಕದ ಸೀಟಿನಿಂದ ಎಷ್ಟೋ ಸಲ ನೋಡಿದ್ದಳು. ಹೊರಗೆ ಹಳದಿ ಜಾಕೆಟ್ಟುಗಳು ಒಂದೊಂದು ಸಲಹೆ ಕೂಗುತ್ತಿದ್ದವು. ಆಮೇಲೆ ಪೆಡಲ್ಲನ್ನು ಪೂರ್ತಿ ತುಳಿದು ಹಿಡಿದು ಕೀಲಿ ತಿರುಗಿಸಿದಳು. ಕಾರು ಗೊಗ್ಗರಿಸಿ, ಕಪ್ಪು ಹೊಗೆ ಬಿಟ್ಟು, ಜೀವ ಹಿಡಿಯಿತು. ಹ್ಯಾಂಡ್‌ಬ್ರೇಕ್ ಬಿಟ್ಟು, ಕ್ಲಚ್ಚನ್ನು ಮೆಲ್ಲಗೆ ಎತ್ತಿದಳು. ಒಂದಿಂಚೂ ಹಿಂದಕ್ಕೆ ಜಾರಲಿಲ್ಲ.

ಗೇಟು ದಾಟುವಾಗ ಎರಡನೆಯ ಗೇರಿಗೆ ಹಾಕಿದಳು.

"ಇಷ್ಟೇನಾ?" ಎಂದಳು.

"ಏನಮ್ಮಾ?"

"ಇದು. ನಲವತ್ತೇಳು ವರ್ಷ... ಒಳಗೆ ಏನೋ ಇದೆ, ನಂಗೆ ಕಾಣ್ತಿಲ್ಲ ಅಷ್ಟೇ, ಅಂದ್ಕೊಂಡಿದ್ದೆ. ಇಷ್ಟೇನಾ?"

ಕಲ್ಲುಶಿಲುಬೆಗಳ ನಡುವೆ ರಸ್ತೆ ದೊಡ್ಡ ವೃತ್ತವಾಗಿ ಸುತ್ತುತ್ತಿತ್ತು. ಹಸಿರು ಗುಡಾರದ ಕೆಳಗೆ, ತೋಡಿದ ಗುಂಡಿಯ ತಲೆಯ ಬಳಿ, ಮೊದಲೇ ಬಂದಿದ್ದ ಪಾದ್ರಿಗಳು ಪುಸ್ತಕ ತೆರೆದು ಹಿಡಿದು ಕಾಯುತ್ತಿದ್ದರು. ಗುಡಾರ ಹತ್ತಿರ ಬಂತು. ಪಕ್ಕಕ್ಕೆ ಬಂತು.

"ಅಮ್ಮಾ, ಇಲ್ಲೇ. ಅಮ್ಮಾ, ದಾಟಿಹೋಯ್ತು."

"ನೋಡ್ದೆ."

"ಹಿಂದೆ ಎಲ್ರೂ ನಮ್ಮನ್ನೇ ನೋಡ್ಕೊಂಡು ಬರ್ತಿದಾರಮ್ಮಾ."

"ಬರ್ಲಿ."

ಡೆನೀಸ್ ತಾಯಿಯ ಮುಖ ನೋಡಿದಳು. ಆಮೇಲೆ ಕಿಟಕಿಯ ಗಾಜನ್ನು ಹಿಡಿ ತಿರುಗಿಸಿ ಪೂರ್ತಿ ಇಳಿಸಿ, ನೋಯುವ ಕೈಯನ್ನು ಗಾಳಿಗೆ ಚಾಚಿದಳು.

ಆರ್ಲೀನ್ ಮೂರನೆಯ ಗೇರಿಗೆ ಹಾಕಿದಳು. ಕನ್ನಡಿಯಲ್ಲಿ ಪ್ರೂಯಿಟ್ ಸ್ಟೀರಿಂಗಿನ ಮೇಲೆ ಬಗ್ಗಿ, ಗಲಿಬಿಲಿಗೊಂಡ ಮುಖದಿಂದ, ತನ್ನ ಉದ್ದ ಗಾಡಿಯನ್ನು ತಿರುವಿನಲ್ಲಿ ಓಲಾಡಿಸಿಕೊಂಡು ಬರುತ್ತಿದ್ದ. ಒಳಗೆ ಪೆಟ್ಟಿಗೆಯ ಮೇಲಿದ್ದ ಹೂಗಳು ಒಂದು ಪಕ್ಕಕ್ಕೆ ಜಾರಿದ್ದವು. ಅದರ ಹಿಂದೆ ರೋಜರ್, ಅವನ ಹಿಂದೆ ಏದುಸಿರು ಬಿಡುತ್ತ ಹಳದಿ ಕಾರುಗಳು, ಊರೆಲ್ಲ, ದೀಪ ಉರಿಸಿಕೊಂಡು. ಗೇಟಿನಿಂದ ವೆಂಡೆಲ್ ನಡೆದುಕೊಂಡೇ ಬರುತ್ತಿದ್ದ. ಗುಡಾರದ ಕೆಳಗೆ ಪಾದ್ರಿಗಳು ಪುಸ್ತಕ ಮುಚ್ಚದೆ, ಸಾಲು ಹೋದ ಕಡೆಗೆ ನಿಧಾನವಾಗಿ ಮೈ ತಿರುಗಿಸಿ, ಎರಡನೆಯ ಸುತ್ತು ಬರುವುದನ್ನು ಕಂಡು, ಟೋಪಿ ತೆಗೆದರು.