ಕಬ್ಬಿಣದ ಬೀರು

ಕುಮುದಾಳ ಓದೆಲ್ಲ ಗಣೇಶಮೂರ್ತಿಯವರ ಬೀರುವಿನಲ್ಲಿತ್ತು. ಎಸ್ಸೆಸ್ಸೆಲ್ಸಿಯಿಂದ ಬಿ.ಎಸ್ಸಿ.ವರೆಗಿನ ಅಂಕಪಟ್ಟಿ, ಟಿ.ಸಿ., ಜಾತಿ ಪ್ರಮಾಣಪತ್ರ, ಎಲ್ಲ ಒಂದು ನೀಲಿ ಫೈಲಿನಲ್ಲಿ. ಬೀರು ಹೊಸನಗರದ ಪೇಟೆಯಾಚೆಗಿನ ಅವರ ಇಂಗ್ಲಿಷ್ ಮೀಡಿಯಂ ಶಾಲೆಯ ಆಫೀಸಿನಲ್ಲಿತ್ತು. ಕೀಲಿ ಅವರ ಜೇಬಿನಲ್ಲಿತ್ತು.

ಕುಮುದಾ ಆ ಶಾಲೆಯ ಗಣಿತದ ಟೀಚರು. ಗಣಿತವೆಂದರೆ ಗಣಿತವಷ್ಟೇ ಅಲ್ಲ. ಬೆಳಿಗ್ಗೆ ವ್ಯಾನಿನಲ್ಲಿ ನಿಂತುಕೊಂಡು ಮಕ್ಕಳನ್ನು ಹತ್ತಿಸಿಕೊಂಡು ಬರಬೇಕು. ಮಧ್ಯಾಹ್ನ ಎಲ್‌ಕೆಜಿಯವರಿಗೆ ತುತ್ತು ತಿನ್ನಿಸಬೇಕು. ಆಯಾ ಬಾರದ ದಿನ ಅವರ ಚಡ್ಡಿಯನ್ನೂ ತೊಳೆಯಬೇಕು. ಬೇಸಿಗೆ ರಜೆಗೆ ಸಂಬಳವಿಲ್ಲ, ಆದರೆ ಆ ರಜೆಯಲ್ಲೇ ಮನೆಮನೆ ಸುತ್ತಿ ಹೊಸ ಅಡ್ಮಿಷನ್ ತರಬೇಕು. ಇದಕ್ಕೆಲ್ಲ ಗಣೇಶಮೂರ್ತಿಯವರು ಇಟ್ಟ ಹೆಸರು ವಿದ್ಯಾಸೇವೆ. ಸೇವೆ ಟೀಚರುಗಳದ್ದು, ಸಭೆಯಲ್ಲಿ ಶಾಲು ಹೊದೆಸಿಕೊಳ್ಳುವುದು ಅವರದ್ದು.

ಕೆಲಸಕ್ಕೆ ಸೇರಿದ ದಿನ ಒರಿಜಿನಲ್ ಇಸಿದುಕೊಂಡಿದ್ದರು. "ಎಲ್ಲಾ ಟೀಚರ್ಸೂ ಕೊಡೋದೇ ಅಮ್ಮಾ. ಸೇಫಾಗಿರ್ತದೆ," ಎಂದಿದ್ದರು. ಮನೆಗೆ ಬಂದು ಹೇಳಿದಾಗ ಕುಮುದಾಳ ತಾಯಿ ಪುಷ್ಪಮ್ಮ ಖುಷಿಯನ್ನೇ ಪಟ್ಟಿದ್ದಳು.

"ಒಳ್ಳೇದೇ ಆತು ಮಾರಾಯ್ತಿ. ನಮ್ಮನೇಲಿ ಇಟ್ರೆ ಒರಲೆ ಹುಳ ತಿಂದು ಹಾಕ್ತವೆ. ನಿನ್ನಪ್ಪನ ಹಕ್ಕುಪತ್ರ ನೋಡು, ಅಂಚೇ ಇಲ್ಲ. ಅಲ್ಲಾದ್ರೆ ಕಬ್ಬಿಣದ ಬೀರು."

ಮಣ್ಣಿನ ಗೋಡೆಯ ಮನೆಯವರ ಯೋಚನೆ ಅಷ್ಟೇ. ಒರಲೆಗೆ ಹೆದರುತ್ತಾರೆ, ಬೀರುವಿಗೆ ಹೆದರುವುದಿಲ್ಲ.

ಅಕ್ಟೋಬರಿನಲ್ಲಿ ಕುಮುದಾಳಿಗೆ ಎಂ.ಎಸ್ಸಿ. ಗಣಿತಕ್ಕೆ ಸೀಟು ಬಂತು. ಅರ್ಜಿಯನ್ನು ಅವಳು ಸೈಬರ್ ಸೆಂಟರಿನಲ್ಲಿ ಜೆರಾಕ್ಸ್ ಇಟ್ಟುಕೊಂಡೇ ತುಂಬಿದ್ದಳು. ಈಗ ಗುರುವಾರ ವಿಶ್ವವಿದ್ಯಾಲಯಕ್ಕೆ ಹೋಗಿ ಒರಿಜಿನಲ್ ತೋರಿಸಬೇಕು. ತೋರಿಸದಿದ್ದರೆ ಸೀಟು ಮುಂದಿನವರ ಪಾಲು.

ಸೋಮವಾರ ಗಣೇಶಮೂರ್ತಿಯವರನ್ನು ಕೇಳಿದಳು.

"ಎಂ.ಎಸ್ಸಿನಾ? ಬಹಳ ಸಂತೋಷ. ಆದ್ರೆ ವರ್ಷದ ಮಧ್ಯ ಬಿಟ್ಟು ಹೋದ್ರೆ ಮಕ್ಕಳ ಗತಿ ಎಂತ? ಮಾರ್ಚ್ ಕಳೀಲಿ, ನಾನೇ ಕಾರಲ್ಲಿ ಬಿಟ್ಟು ಬರ್ತೀನಿ."

"ಮಾರ್ಚಲ್ಲಿ ಸೀಟು ಇರಲ್ಲ ಸಾರ್. ತೋರಿಸಿ ವಾಪಸ್ ತಂದುಕೊಡ್ತೀನಿ."

"ನೋಡಾಣ. ಬುಧವಾರ ಬನ್ನಿ."

ಬುಧವಾರ ಅವರೇ ಇರಲಿಲ್ಲ. ತೀರ್ಥಹಳ್ಳಿಗೆ ಮದುವೆಗೆ ಹೋಗಿದ್ದರು, ಕೀಲಿಯ ಸಮೇತ. ಫೋನ್ ಎತ್ತಲಿಲ್ಲ.

"ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಹಂಗಾತು," ಎಂದಳು ಪುಷ್ಪಮ್ಮ. "ನೀನು ನಾಳೆ ಯೂನಿವರ್ಸಿಟಿಗೇ ಹೋಗಿ ಕೇಳು. ಅಲ್ಲಿರೋರೂ ಮನುಷ್ರೇ ಅಲ್ವಾ?"

ಗುರುವಾರ ಮೊದಲ ಬಸ್ಸಿಗೆ ಹೋದಳು. ಕೌಂಟರಿನಲ್ಲಿದ್ದ ಹೆಂಗಸು ಕೆಟ್ಟವಳೇನಲ್ಲ. ಜೆರಾಕ್ಸ್ ತಿರುವಿ ನೋಡಿದಳು.

"ಎಷ್ಟು ಚೆನ್ನಾಗಿ ಮಾರ್ಕ್ಸ್ ತೆಗ್ದಿದೀಯ! ಒರಿಜಿನಲ್ ಎಲ್ಲಮ್ಮ?"

"ಕೆಲಸ ಮಾಡೋ ಸ್ಕೂಲಲ್ಲಿದೆ ಮೇಡಂ. ಕೊಡ್ಲಿಲ್ಲ."

"ನಿನ್ನ ಮಾರ್ಕ್ಸ್ ಕಾರ್ಡ್ ಅವರ್ಯಾಕೆ ಇಟ್ಕೊಂಡಿದಾರೆ?"

ಕುಮುದಾ ಕೌಂಟರಿನ ಮೇಲಿದ್ದ ಜೆರಾಕ್ಸ್ ಹಾಳೆಗಳನ್ನು ಜೋಡಿಸಿದಳು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ.

"ಐದು ಗಂಟೆವರೆಗೆ ಕಾಯ್ತೀನಿ. ಆಮೇಲೆ ನನ್ನ ಕೈಲಿಲ್ಲ."

ಮೆಟ್ಟಿಲ ಮೇಲೆ ಕೂತು ಫೋನ್ ಮಾಡುತ್ತಲೇ ಇದ್ದಳು. ಮಧ್ಯಾಹ್ನ ಗಣೇಶಮೂರ್ತಿ ಎತ್ತಿದರು. ಹಿಂದೆ ವಾಲಗ ಕೇಳುತ್ತಿತ್ತು. "ಊಟಕ್ಕೆ ಕೂತಿದೀನಿ ಅಮ್ಮಾ," ಎಂದು ಇಟ್ಟರು. ಆಮೇಲೆ ಸ್ವಿಚ್ ಆಫ್.

ಐದಕ್ಕೆ ಸೀಟು ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಳು ಬರಬೇಕಿತ್ತು, ಅದೂ ಬರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಫ್ರೀ ಟಿಕೆಟ್ಟಿಗೆ "ಆಧಾರ್ ಒರಿಜಿನಲ್ ಇದ್ಯೇನಮ್ಮಾ?" ಎಂದು ಮತ್ತೆ ಮತ್ತೆ ಕೇಳಿದ ಮೇಲೆ ತೆಗೆದು ತೋರಿಸಿದಳು. ಅದೊಂದು ಅವಳ ಹತ್ತಿರವೇ ಇತ್ತು.

ಶುಕ್ರವಾರ ಶಾಲೆಗೆ ಹೋದಳು. ಬಿಟ್ಟು ಬೇರೆ ಕೆಲಸ ಹುಡುಕಲಿಕ್ಕೂ ಒರಿಜಿನಲ್ ಬೇಕಲ್ಲ? ಪ್ರಾರ್ಥನೆ ಮಾಡಿಸಿದಳು, ಮಗ್ಗಿ ಹೇಳಿಸಿದಳು. ನಾಲಗೆ ತನ್ನ ಪಾಡಿಗೆ ಹೇಳುತ್ತಿತ್ತು. ಗಣೇಶಮೂರ್ತಿ ಮದುವೆಯ ಲಾಡು ಹಂಚಿದರು. ಅದನ್ನೂ ತಿಂದಳು. ರುಚಿ ಗೊತ್ತಾಗಲಿಲ್ಲ. ದಿನಗಳು ಹಾಗೇ ಹೋದವು.

ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು. ಮೇ ಕೊನೆಗೆ ಗಣೇಶಮೂರ್ತಿ ಬೀರುವಿನ ಕೀಲಿಯನ್ನು ಅವಳ ಕೈಗೇ ಕೊಟ್ಟರು. "ನಿಮ್ಮಂಥ ನಂಬಿಕಸ್ಥರು ಸಿಗಲ್ಲ. ಹೊಸ ಟೀಚರ್ಸ್ ಬರ್ತಾರೆ, ಒರಿಜಿನಲ್ ಇಸ್ಕೊಂಡು ಒಳಗಿಡಿ."

ಸಾಗರದ ಕಡೆಯಿಂದ ಶ್ರೀಗೌರಿ ಎಂಬ ಹುಡುಗಿ ಕೆಲಸಕ್ಕೆ ಬಂದಳು, ಫೈಲನ್ನು ಎದೆಗೆ ಅವಚಿಕೊಂಡು.

"ಒರಿಜಿನಲ್ಲೇ ಕೊಡ್ಬೇಕಂತೆ, ಹೌದಾ ಅಕ್ಕ? ಎಂತಕ್ಕೆ?"

ಮತ್ತೆ ಅದೇ ಪ್ರಶ್ನೆ. ಕುಮುದಾ ಕೈ ಚಾಚಿದಳು. ಫೈಲು ಕೈಗೆ ಬಂತು, ಅದೂ ನೀಲಿಯೇ. ಹಿಡಿದು ನಿಂತವಳಿಗೆ ಬೀರುವಿನೊಳಗಿನ ತನ್ನ ಫೈಲು ನೆನಪಾಯಿತು. ಸಿಟ್ಟು ಬಂದಿತ್ತು. ತಡವಾಗಿ ಬಂದರೂ ಬಂದಿತ್ತು.

"ಜೆರಾಕ್ಸ್ ಸಾಕು. ಇದನ್ನ ಮನೇಲಿಡು," ಎಂದು ಫೈಲು ಹಿಂದಕ್ಕೆ ಕೊಟ್ಟಳು.

ಆಮೇಲೆ ಬೀರು ತೆಗೆದಳು. ತನ್ನ ಫೈಲು ತೆಗೆದುಕೊಂಡಳು. ಉಳಿದವನ್ನೆಲ್ಲ ಹೊತ್ತುಕೊಂಡು ಹೋಗಿ ಸ್ಟಾಫ್ ರೂಮಿನ ಮೇಜಿನ ಮೇಲೆ ಇಟ್ಟಳು.

"ಸಾರ್ ಹೇಳಿದ್ರಾ?" ಎಂದಳು ಕನ್ನಡದ ಟೀಚರು ವಿನಯಾ.

"ಇಲ್ಲ."

ಯಾರೂ ಕೈ ಹಾಕಲಿಲ್ಲ. ಎಲ್ಲರೂ ಬಾಗಿಲು ನೋಡಿದರು. ಕೊನೆಗೆ ವಿನಯಾ ಎದ್ದು ತನ್ನದನ್ನು ಹುಡುಕಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಮೇಜು ಖಾಲಿಯಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮರುದಿನ ಗಣೇಶಮೂರ್ತಿ ಬರಿದಾದ ಬೀರು ನೋಡಿ ಸ್ಟಾಫ್ ರೂಮಿಗೇ ಬಂದರು.

"ಯಾರನ್ನ ಕೇಳಿ ಕೊಟ್ರಿ?"

"ಯಾರನ್ನ ಕೇಳಿ ಇಟ್ಕೊಂಡಿದ್ರಿ ಸಾರ್?" ಎಂದಳು ವಿನಯಾ.

ಅವರು ತಿರುಗಿ ನೋಡಿದರು. ಟೀಚರುಗಳೆಲ್ಲ ಎದ್ದು ನಿಂತಿದ್ದರು. ದಿನಾ ನಿಲ್ಲುತ್ತಿದ್ದ ಹಾಗಲ್ಲ. ಗಣೇಶಮೂರ್ತಿ ದನಿ ತಗ್ಗಿಸಿದರು.

"ಅಲ್ಲ ಕುಮುದಾ, ನಿಮ್ಮ ಒಳ್ಳೇದಕ್ಕೇ ಅಲ್ವಾ ನಾನು ಇಟ್ಟಿದ್ದು? ಮನೇಲಿಟ್ರೆ ಒರಲೆ ಹಿಡಿಯಲ್ವಾ?"

ಕುಮುದಾ ಕೀಲಿಯನ್ನು ಮೇಜಿನ ಮೇಲಿಟ್ಟಳು.

"ಒರಲೆ ಕಾಗದದ ಅಂಚು ತಿಂತದೆ ಸಾರ್. ಸೀಟು ತಿನ್ನಲ್ಲ."