ಲಿಫ್ಟ್ ಸರಿಯಾಗಿದೆ

ನಮ್ಮಪ್ಪ ಲಿಫ್ಟ್ ಮೆಕ್ಯಾನಿಕ್. ಹದಿನೆಂಟು ವರ್ಷಗಳಿಂದ ಜನರನ್ನು ಮೇಲೆ ಕೆಳಗೆ ಕಳಿಸುವುದೇ ಅವರ ಕೆಲಸ. ಅವರ ತೂಕ ಮಾತ್ರ ಮೇಲೆ ಹೋದದ್ದು ಕೆಳಗಿಳಿಯಲೇ ಇಲ್ಲ.

ಇದನ್ನು ಮನೆಯಲ್ಲಿ ಯಾರೂ ದೊಡ್ಡದು ಮಾಡಿರಲಿಲ್ಲ. ಅಮ್ಮ ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ, ಸಂಜೆ ಉಳಿದ ಬನ್ನು ಮನೆಗೆ ಬರುತ್ತದೆ, ಬಂದದ್ದನ್ನು ಬೇಡ ಅನ್ನುವ ಪೈಕಿ ಅಪ್ಪ ಅಲ್ಲ. ನೀನು ಕೂತರೆ ಸೋಫಾ ನಿಟ್ಟುಸಿರು ಬಿಡುತ್ತೆ ಎಂದು ನಾನು ರೇಗಿಸಿದರೆ, ಅದು ನಿನಗಿಂತ ವಯಸ್ಸಲ್ಲಿ ದೊಡ್ಡದು, ಸುಸ್ತಾಗಿರುತ್ತೆ ಎಂದು ಸೋಫಾದ ಪರ ವಹಿಸುತ್ತಿದ್ದರು.

ತಾಪತ್ರಯ ಶುರುವಾದದ್ದು ಬೆಲ್ಟಿನಿಂದ. ಲಿಫ್ಟ್ ಓಡಾಡುವ ಆ ಉದ್ದನೆಯ ಕತ್ತಲ ಜಾಗವನ್ನು ಅಪ್ಪ ಬಾವಿ ಅನ್ನುತ್ತಾರೆ. ಬಾವಿಗೆ ಇಳಿಯಬೇಕಾದರೆ ಸೊಂಟಕ್ಕೆ, ತೊಡೆಗೆ, ಹೆಗಲಿಗೆ ಸೇಫ್ಟಿ ಬೆಲ್ಟ್ ಬಿಗಿಯಬೇಕು. ಕಂಪನಿಯವರು ಹೊಸ ಬೆಲ್ಟ್ ತರಿಸಿದರು. ಅದರ ಮೇಲೆ ಇದು ನೂರು ಕೆಜಿಯ ತನಕ ಎಂದು ಹೊಲಿದಿತ್ತು. ಹಳೆಯ ಬೆಲ್ಟಿನ ಮೇಲೂ ಇತ್ತಂತೆ, ಆದರೆ ಅಕ್ಷರ ಅಳಿಸಿ ಹೋಗಿ ಎಲ್ಲರೂ ನೆಮ್ಮದಿಯಾಗಿದ್ದರು. ಸೂಪರ್‌ವೈಸರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೂಕದ ಮಷೀನು ಹತ್ತಿಸಿದರು. ಅಪ್ಪ ನೂರಾ ಒಂಬತ್ತು.

ಮೂರು ತಿಂಗಳು ಟೈಮ್ ಕೊಟ್ಟರು. ಆಮೇಲೆ ಇನ್ನೊಮ್ಮೆ ತೂಗುತ್ತಾರೆ. ಆಗಲೂ ನೂರು ಮೀರಿದರೆ ಬಾವಿಯ ಕೆಲಸ ಇಲ್ಲ, ಆಫೀಸಿನಲ್ಲಿ ಕೂತು ಫೋನಿನಲ್ಲಿ ಕಂಪ್ಲೇಂಟ್ ಕೇಳಿಸಿಕೊಳ್ಳುವ ಕೆಲಸ. ಸಂಬಳ ಅಷ್ಟೇ, ಫ್ಯಾನಿನ ಗಾಳಿ ಬೇರೆ. ಇನ್ನೊಬ್ಬರಾಗಿದ್ದರೆ ಕುಣಿದಾಡುತ್ತಿದ್ದರು. ಆದರೆ ಅಪ್ಪನಿಗೆ ಫೋನಿನಲ್ಲಿ ‘ಹೂಂ’ ಬಿಟ್ಟರೆ ಎರಡನೇ ಪದ ಹೊರಡುವುದಿಲ್ಲ. ಅದೇ ಬಾವಿಯಲ್ಲಿ ನಿಂತರೆ, ಕಣ್ಣು ಮುಚ್ಚಿಕೊಂಡು, ನಾಲ್ಕನೇ ಮಹಡಿ ದಾಟುವಾಗ ಯಾವ ಚಕ್ರ ಸವೆದಿದೆ ಎಂದು ಸದ್ದಿನಲ್ಲೇ ಹೇಳುತ್ತಾರೆ. ಆ ರಾತ್ರಿ ಅವರು ಬನ್ನು ಮುಟ್ಟಲಿಲ್ಲ. ಅಮ್ಮ ಹಣೆ ಮುಟ್ಟಿ ಜ್ವರ ನೋಡಿದಳು.

ಹೀಗೆ ನಾನು ಕೋಚ್ ಆದೆ. ಅರ್ಹತೆ ಏನೆಂದರೆ, ಮನೆಯಲ್ಲಿ ಖಾಲಿ ಇದ್ದವಳು ನಾನೊಬ್ಬಳೇ.

ಮೊದಲು ಬೆಳಗಿನ ವಾಕಿಂಗ್. ಅಪ್ಪನ ಕೆಲಸ ಏಳಕ್ಕೆ ಶುರು, ಹಾಗಾಗಿ ಆರಕ್ಕೆ ಹೊರಟೆವು. ಜನ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುವುದೂ ಆರರಿಂದ ಏಳರ ಒಳಗೇ ಎಂದು ಗೊತ್ತಾದದ್ದು ಆಗಲೇ. ಮೂರು ದಿನವೂ ಬೀದಿಯ ತಿರುವು ಮುಟ್ಟುವ ಮೊದಲೇ ಫೋನ್ ಬಂತು, ಅಪ್ಪ ಹಾಗೇ ಆಟೋ ಹತ್ತಿದರು. ಮನೆಯೊಳಗೆ ಸ್ಕಿಪ್ಪಿಂಗ್ ಮಾಡಿಸಿದೆ. ಹದಿನಾಲ್ಕನೇ ನೆಗೆತಕ್ಕೆ ಕೆಳಗಿನ ಮನೆಯವರು ಬಂದು, ಬೀರು ಜರುಗಿಸ್ತಾ ಇದ್ದೀರಾ, ಒಂದು ಕೈ ಹಾಕಲಾ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಊಟವಾದ ಮೇಲಿನ ವಾಕಿಂಗಿಗೆ ಅಪ್ಪ ಒಂದು ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಕೂತಲ್ಲೇ ನಿದ್ದೆಹೋದರು. ಎರಡು ವಾರದಲ್ಲಿ ಇಳಿದದ್ದು ನನ್ನ ತೂಕ, ಒಂದೂವರೆ ಕೆಜಿ.

ಉಪಾಯ ಹೊಳೆದದ್ದು ಅಪ್ಪನಿಗೇ. ಅವರು ದಿನಕ್ಕೆ ನಾಲ್ಕೈದು ಕಟ್ಟಡಕ್ಕೆ ಹೋಗುತ್ತಾರೆ. ಲಿಫ್ಟಿನ ಮೋಟರ್ ಇರುವ ಕೋಣೆ ತಾರಸಿಯ ಮೇಲೆ. ಇಷ್ಟು ವರ್ಷ ಲಿಫ್ಟಿನಲ್ಲೇ ಹೋಗುತ್ತಿದ್ದರು, ಇನ್ನು ಮೇಲೆ ಮೆಟ್ಟಿಲು. ಬೇರೆ ಟೈಮೇ ಬೇಡ, ಕೆಲಸದ ಒಳಗೇ ವ್ಯಾಯಾಮ. ಲೆಕ್ಕ ಹಾಕಿದೆ, ದಿನಕ್ಕೆ ನಲವತ್ತು ಮಹಡಿ. ಒಂದೇ ತೊಡಕು, ಸಾಮಾನಿನ ಚೀಲ. ಸ್ಪ್ಯಾನರು, ಸುತ್ತಿಗೆ, ಎಣ್ಣೆ ಡಬ್ಬಿ ಸೇರಿ ಅದು ಒಂದು ದೊಡ್ಡ ಮಗುವಿನಷ್ಟು ಭಾರ. ಅಪ್ಪ ಅದನ್ನು ಲಿಫ್ಟಿನ ಒಳಗಿಟ್ಟು, ಮೇಲಿನ ಮಹಡಿಯ ಬಟನ್ ಒತ್ತಿ, ತಾವು ಹೊರಗೆ ಬಂದು ಮೆಟ್ಟಿಲು ಹತ್ತುತ್ತಿದ್ದರು.

ಆರು ವಾರ ಹೀಗೇ ನಡೆಯಿತು. ಔಷಧಿ ಅಂಗಡಿಯ ತೂಕದ ಮಷೀನಿನಲ್ಲಿ ನೂರಾ ನಾಲ್ಕು ಬಂತು. ಅಪ್ಪ ಇಳಿದು ಮತ್ತೆ ಹತ್ತಿ ನೋಡಿದರು. ಮೀಸೆಯಡಿಯಲ್ಲಿ ನಗು ತಡೆಯಲಾಗುತ್ತಿರಲಿಲ್ಲ.

ಮಾರನೇ ದಿನ ಸೂಪರ್‌ವೈಸರ್ ಕರೆಸಿದರು. ಆಫೀಸಿಗೆ ಫೋನ್ ಮೇಲೆ ಫೋನ್ ಬರುತ್ತಿದೆಯಂತೆ. ಲಿಫ್ಟ್ ರಿಪೇರಿಯವನೇ ಲಿಫ್ಟ್ ಹತ್ತುವುದಿಲ್ಲ. ಹೋಗಲಿ, ಮೊದಲು ಚೀಲ ಒಂದನ್ನೇ ಮೇಲೆ ಕಳಿಸಿ ಬೀಳುತ್ತದೋ ಇಲ್ಲವೋ ನೋಡುತ್ತಾನೆ, ಆಮೇಲೂ ಹತ್ತುವುದಿಲ್ಲ. ಹೋಟೆಲಿನವನೇ ಮನೆಯಿಂದ ಬುತ್ತಿ ತಂದರೆ ಆ ಹೋಟೆಲಲ್ಲಿ ಯಾರು ತಿನ್ನುತ್ತಾರೆ? ನಾಲ್ಕು ಕಟ್ಟಡದ ಜನ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದಿದ್ದರು. ಒಂದು ಕಡೆಯವರು ಬೇರೆ ಕಂಪನಿಯನ್ನು ವಿಚಾರಿಸಿಯೂ ಆಗಿತ್ತು. ಸೂಪರ್‌ವೈಸರ್ ಕಡ್ಡಿಯಂಥ ಮನುಷ್ಯ, ಬೈಯುವುದೂ ಸಣ್ಣ ದನಿಯಲ್ಲಿ. ಇವತ್ತಿನಿಂದ ಯೂನಿಫಾರ್ಮ್ ಹಾಕಿಕೊಂಡು ಮೆಟ್ಟಿಲ ಮೇಲೆ ಕಾಣಿಸಿಕೊಳ್ಳಬೇಡಿ ಎಂದಷ್ಟೇ ಹೇಳಿದರಂತೆ.

ಇನ್ನು ಉಳಿದದ್ದು ಐದು ವಾರ, ನಾಲ್ಕು ಕೆಜಿ.

ಯಾರಾದರೂ ಕೇಳಿದಾಗ ಏನು ಹೇಳ್ತಿದ್ದೆ ಎಂದು ನಾನು ಅಪ್ಪನನ್ನು ವಿಚಾರಣೆ ಮಾಡಿದೆ. ‘ಏನಿಲ್ಲ, ಸುಮ್ನೆ’ ಎನ್ನುತ್ತಿದ್ದರಂತೆ. ಗಾಬರಿಯಾದವರಿಗೆ ಲಿಫ್ಟ್ ಮೆಕ್ಯಾನಿಕ್ ‘ಸುಮ್ನೆ’ ಅಂದರೆ ಅದಕ್ಕಿಂತ ಭಯಂಕರ ಮಾತು ಬೇರೊಂದಿಲ್ಲ. ನಿಜ ಹೇಳಬಹುದಿತ್ತಲ್ಲ ಎಂದು ಅಮ್ಮ ಕೇಳಿದಳು. ತೂಕದ ವಿಷಯ ನಮ್ಮಿಬ್ಬರಿಗೆ, ಜೊತೆ ಕೆಲಸದವರಿಗೆ ಮತ್ತು ಸೂಪರ್‌ವೈಸರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದು ಅಪ್ಪ ನಂಬಿದ್ದರು. ಅವರ ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮೊದಲೇ ಎಲ್ಲ ಕಡೆ ತಲುಪುತ್ತಿತ್ತು, ಅದು ಬೇರೆ ಮಾತು.

ಶನಿವಾರ ನನಗೆ ಕಾಲೇಜಿಲ್ಲ, ಅಪ್ಪನ ಜೊತೆ ಹೊರಟೆ. ಎಂಟು ಮಹಡಿಯ ಒಂದು ಹಳೆ ಕಟ್ಟಡ. ಅಪ್ಪ ಸೂಪರ್‌ವೈಸರ್ ಹೇಳಿದ ಹಾಗೆ ಲಿಫ್ಟಿನ ಬಟನ್ ಒತ್ತಿ, ಶಿಕ್ಷೆಗೆ ನಿಂತವರ ಹಾಗೆ ನಿಂತಿದ್ದರು. ಆಗ ಮೆಟ್ಟಿಲ ಕಡೆಯಿಂದ ಏದುಸಿರು ಕೇಳಿಸಿತು. ನಾನು ಹತ್ತಿ ನೋಡಿದರೆ, ಎರಡನೇ ಮಹಡಿಗೆ ಹೋಗುವ ತಿರುವಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ಒಂದು ಪಕ್ಕದಲ್ಲಿ ಹಾಲಿನ ಪ್ಯಾಕೆಟ್ಟು, ಇನ್ನೊಂದು ಪಕ್ಕದಲ್ಲಿ ಊರುಗೋಲು. ನಿವೃತ್ತ ಗಣಿತ ಟೀಚರ್, ಮನೆ ಐದನೇ ಮಹಡಿ. ನಾಲ್ಕು ದಿನದಿಂದ ಮೆಟ್ಟಿಲೇ ಹತ್ತುತ್ತಿದ್ದಾರೆ, ಒಂದೊಂದು ಮಹಡಿಗೆ ಐದೈದು ನಿಮಿಷ ಕೂತು. ಮಂಡಿ ಊದಿಕೊಂಡು ಬನ್ನಿನ ಹಾಗೆ ಆಗಿತ್ತು.

ಅಪ್ಪ ಹಿಂದೆಯೇ ಬಂದರು. ಮಂಡಿ ನೋಡಿದರು. ಅವರ ಮುಖ ಸಣ್ಣದಾಯಿತು, ಆರು ವಾರದಲ್ಲಿ ಆಗದಷ್ಟು.

ಲಿಫ್ಟ್ ಗಟ್ಟಿಮುಟ್ಟಾಗಿದೆ, ಬನ್ನಿ, ನಾನೇ ಜೊತೆಗೆ ಬರುತ್ತೇನೆ ಎಂದು ಅಪ್ಪ ಕೈಕೊಟ್ಟರು. ಟೀಚರ್ ಕೈ ಹಿಡಿಯಲಿಲ್ಲ.

“ಗಟ್ಟಿಯಾಗಿದ್ರೆ ನೀವ್ಯಾಕ್ರೀ ಹತ್ತಲ್ಲ? ಸುಮ್ನೆ ಅಂತ ಮಾತ್ರ ಹೇಳ್ಬೇಡಿ.”

ಅಪ್ಪ ನನ್ನನ್ನು ನೋಡಿದರು. ನಾನು ಹಾಲಿನ ಪ್ಯಾಕೆಟ್ಟನ್ನು ನೋಡಿದೆ. ಕೊನೆಗೆ ಅಪ್ಪನೇ ಬಾಯಿಬಿಟ್ಟರು.

“ಮೇಡಂ, ನಾನು ನೂರಾ ನಾಲ್ಕು ಕೆಜಿ ಇದ್ದೀನಿ. ನೂರಕ್ಕೆ ಇಳೀದಿದ್ರೆ ಈ ಕೆಲಸ ಹೋಗುತ್ತೆ. ಅದಕ್ಕೇ ಮೆಟ್ಟಿಲು.”

ಟೀಚರ್ ಕನ್ನಡಕ ಸರಿಮಾಡಿಕೊಂಡು ಅವರನ್ನು ಮೇಲಿಂದ ಕೆಳಗೆ ನೋಡಿದರು.

“ಅಲ್ರೀ, ನೀವು ದಪ್ಪ ಇರೋದು ಗುಟ್ಟಾ? ಈ ಗುಟ್ಟು ಕಾಪಾಡೋಕೆ ನನ್ನ ಮಂಡಿ ಬೇಕಿತ್ತಾ?”

ಅಪ್ಪನ ಕಿವಿ ಕೆಂಪಾಯಿತು. ಟೀಚರ್ ಅವರ ಕೈ ಹಿಡಿದು ಎದ್ದರು. ಮೂವರೂ ಲಿಫ್ಟಿನಲ್ಲಿ ಐದನೇ ಮಹಡಿಗೆ ಹೋದೆವು. ಅಲ್ಲಿ ಅವರು ನಮ್ಮನ್ನು ಬಿಡಲಿಲ್ಲ. ಬಿಳಿ ಕಾಗದ, ದಪ್ಪ ಪೆನ್ನು ತಂದು ಅಪ್ಪನ ಮುಂದಿಟ್ಟು, ನನಗೆ ಹೇಳಿದ್ದನ್ನು ಎಲ್ಲರಿಗೂ ಹೇಳಿ, ಬಾಯಲ್ಲಿ ಬರದಿದ್ದರೆ ಬರೆಯಿರಿ ಎಂದರು. ಅಪ್ಪ ಪೆನ್ನು ಹಿಡಿದುಕೊಂಡು ಕೂತರು. ಕ್ಲಾಸಿನಲ್ಲಿ ಲೆಕ್ಕ ಬರದೆ ಕೂತ ಹುಡುಗನ ಹಾಗೇ ಇದ್ದರು. ಕೊನೆಗೆ ಬರೆದರು:

‘ಲಿಫ್ಟ್ ಸರಿಯಾಗಿದೆ. ಮೆಕ್ಯಾನಿಕ್ ದಪ್ಪಗಿದ್ದಾನೆ. ತೂಕ ಇಳಿಸಲು ಮೆಟ್ಟಿಲು ಹತ್ತುತ್ತಾನೆ. ನೀವು ಧೈರ್ಯವಾಗಿ ಲಿಫ್ಟಿನಲ್ಲಿ ಹೋಗಿ.’

ಟೀಚರ್ ಓದಿ, ಕೆಳಗೆ ಸ್ಕೇಲಿಟ್ಟು ಐದು ಚೌಕ ಎಳೆದರು. ಪ್ರತಿ ಸೋಮವಾರದ ತೂಕ ಇಲ್ಲಿ ತುಂಬಬೇಕಂತೆ. ಉತ್ತರ ಮಾತ್ರ ಬರೆದರೆ ಅವರು ಮಾರ್ಕ್ಸ್ ಕೊಡುವುದಿಲ್ಲವಂತೆ, ಹಂತಗಳೂ ಬೇಕು.

ಎರಡು ದಿನದಲ್ಲಿ ಅಪ್ಪನ ಹನ್ನೊಂದು ಕಟ್ಟಡದಲ್ಲೂ ಆ ಕಾಗದ ಅಂಟಿತು. ಅಂಟಿಸಿದವಳು ನಾನು. ಅಪ್ಪ ಆ ಹೊತ್ತಿಗೆ ಬೇರೆ ಕಡೆ ನೋಡುತ್ತಿದ್ದರು. ಆಫೀಸಿಗೆ ಬರುತ್ತಿದ್ದ ಫೋನ್ ನಿಂತವು. ಸೂಪರ್‌ವೈಸರ್ ಒಂದು ಕಾಗದದ ಮುಂದೆ ನಿಂತು ಪೂರ್ತಿ ಓದಿ, ಏನೂ ಅನ್ನದೆ ಹೋದರಂತೆ. ಅದನ್ನೇ ನಾವು ಅನುಮತಿ ಅಂದುಕೊಂಡೆವು.

ಸಿಟ್ಟು ಬಂದದ್ದು ಅಮ್ಮನಿಗೆ. ಬೇಕರಿಗೆ ಬಂದ ಗಿರಾಕಿಯೊಬ್ಬ, ನಿಮ್ಮ ಯಜಮಾನ್ರು ನೂರಾ ಮೂರಕ್ಕೆ ಬಂದರಲ್ಲ, ಒಳ್ಳೇದು ಎಂದನಂತೆ.

“ಮನೆ ಮರ್ಯಾದೇನ ಹನ್ನೊಂದು ಗೋಡೆಗೆ ಅಂಟಿಸಿ ಬಂದಿದ್ದೀರಲ್ಲ ರೀ. ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ? ಅಕ್ಷರ ಆದ್ರೂ ನೆಟ್ಟಗೆ ಬರೆದುಕೊಡ್ತಿದ್ದೆ.”

ಆದರೂ ಅವತ್ತಿನಿಂದ ಉಳಿದ ಬನ್ನು ಮನೆಗೆ ಬರುವುದು ನಿಂತಿತು. ಅದರಿಂದ ನನಗಾದ ನಷ್ಟವನ್ನು ಯಾರೂ ವಿಚಾರಿಸಲಿಲ್ಲ.

ಮೆಟ್ಟಿಲ ಮೇಲೆ ಅಪ್ಪನಿಗೆ ಈಗ ಒಂಟಿತನವೇ ಇಲ್ಲ. ಒಂದು ಕಟ್ಟಡದ ಮಕ್ಕಳು ಹಿಂದೆ ಹಿಂದೆ ಎಣಿಸುತ್ತ ಬರುತ್ತಿದ್ದವು, ಅಪ್ಪ ನಡುವೆ ನಿಂತರೆ ಒಂದರಿಂದ ಶುರು ಮಾಡಿ ಅನ್ನುತ್ತಿದ್ದವು. ಇನ್ನೊಂದು ಕಡೆ ಏಳನೇ ಮಹಡಿಯವರು ಬಾಗಿಲ ಹೊರಗೆ ಒಂದು ಸ್ಟೂಲ್ ಹಾಕಿದರು, ಆರನೇ ಮಹಡಿಯವರು ಅದು ಮೋಸ ಎಂದು ಒಳಗಿಟ್ಟು ಬಂದರು. ಒಂದು ಸೋಮವಾರ ತೂಕ ಅರ್ಧ ಕೆಜಿ ಏರಿತ್ತು. ಅಪ್ಪ ಆ ವಾರದ ಚೌಕವನ್ನು ಖಾಲಿ ಬಿಟ್ಟು ಬಂದರು. ಸಂಜೆಯೊಳಗೆ ಯಾರೋ ಪೆನ್ಸಿಲಿನಲ್ಲಿ, ಯಾಕೆ, ಮಷೀನಿಗೆ ರಜೆನಾ ಎಂದು ಬರೆದಿದ್ದರು. ಅಪ್ಪ ಮರುದಿನ ಹೋಗಿ ನಿಜವಾದ ಅಂಕಿ ತುಂಬಿದರು, ಎಲ್ಲ ಹನ್ನೊಂದು ಕಡೆ. ‘ಹೂಂ’ ಬಿಟ್ಟು ಬೇರೆ ಮಾತೂ ಆಡತೊಡಗಿದರು. ಹೆಚ್ಚಾಗಿ ಅವು ಸಬೂಬುಗಳು, ಆದರೂ ಮಾತು ಮಾತೇ.

ತೂಕದ ದಿನ ನಾನೂ ಆಫೀಸಿಗೆ ಹೋದೆ. ಕೊನೆಯ ವಾರ ತೂಕ ನೂರರ ಸುತ್ತಮುತ್ತಲೇ ಓಲಾಡುತ್ತಿದ್ದರಿಂದ ಅಪ್ಪ ಬೆಳಿಗ್ಗೆ ನೀರೂ ಕುಡಿದಿರಲಿಲ್ಲ. ಬೂಟು ಬಿಚ್ಚಿದರು. ವಾಚು ಬಿಚ್ಚಿ ನನಗೆ ಕೊಟ್ಟರು. ಆಮೇಲೆ ಪೆನ್ನು. ಆಮೇಲೆ ಜೇಬಿನ ಕರ್ಚೀಫು. ಇನ್ನೂ ಏನಾದರೂ ಬಿಚ್ಚುವ ಮೊದಲು ಸೂಪರ್‌ವೈಸರ್ ಸಾಕು ಎಂದರು.

ನೂರು. ಮುಂದೆ ಚುಕ್ಕಿ, ಚುಕ್ಕಿಯ ಮುಂದೆ ಸೊನ್ನೆ.

ಸೂಪರ್‌ವೈಸರ್ ಇಳಿಸಿ ಮತ್ತೆ ಹತ್ತಿಸಿದರು. ನೂರೇ. ಅವರು ಕಂಪನಿಯ ಕಾಗದ ತೆಗೆದು ಬೆರಳಿಟ್ಟು ಓದಿದರು. ಒಮ್ಮೆ ಮನಸ್ಸಿನಲ್ಲಿ, ಇನ್ನೊಮ್ಮೆ ತುಟಿಯಲ್ಲಿ. ಅಪ್ಪ ಮಷೀನಿನ ಮೇಲೆ ಉಸಿರು ಹಿಡಿದು ನಿಂತೇ ಇದ್ದರು. ಉಸಿರಿಗೂ ತೂಕ ಇದೆಯೋ ಏನೋ, ನನಗೂ ಬಿಡಲು ಹೆದರಿಕೆಯಾಯಿತು.

“ನೂರು ಮೀರಿದವರು ಅಂತ ಬರೆದಿದೆ. ನೀವು ಮೀರಿಲ್ಲ. ಇಳೀರಿ, ಕೆಲಸಕ್ಕೆ ಹೋಗಿ.”

ಅಪ್ಪ ಇಳಿದರು. ಗೋಡೆಯ ಮೊಳೆಯಿಂದ ಬೆಲ್ಟ್ ತೆಗೆದುಕೊಂಡು, ಬರಿಗಾಲಲ್ಲೇ ಬಾಗಿಲ ತನಕ ಹೋಗಿಬಿಟ್ಟರು. ನಾನು ಬೂಟು ಹಿಡಿದುಕೊಂಡು ಹಿಂದೆ ಓಡಿದೆ.

ಮೊದಲ ಕೆಲಸ ಟೀಚರ್ ಇದ್ದ ಕಟ್ಟಡದಲ್ಲೇ. ಅಪ್ಪ ಬಾವಿಗೆ ಇಳಿಯಬೇಕಿತ್ತು, ಇಳಿಯಲು ಮೊದಲು ಎಂಟನೇ ಮಹಡಿ ಮುಟ್ಟಬೇಕಿತ್ತು. ದಾರಿಯಲ್ಲಿ ಎರಡು ಲೋಟ ಟೀ ಕುಡಿದಿದ್ದರು, ಆದರೂ ಮೂರು ತಿಂಗಳ ಸುಸ್ತೆಲ್ಲ ಆಗಲೇ ಬಂದು ಕಾಲಿನಲ್ಲಿ ಕೂತ ಹಾಗಿತ್ತು. ಇವತ್ತೊಂದು ದಿನ ಎಂದು ಗೊಣಗಿ ನನ್ನನ್ನೂ ಎಳೆದುಕೊಂಡು ಲಿಫ್ಟಿನೊಳಗೆ ನುಗ್ಗಿದರು. ಬಾಗಿಲು ಮುಚ್ಚುವ ಹೊತ್ತಿಗೆ ಒಂದು ಊರುಗೋಲು ಅಡ್ಡ ಬಂತು, ಅದರ ಹಿಂದೆ ಟೀಚರ್ ಬಂದರು. ನೂರು, ಪಾಸು ಎಂದು ನಾನು ತಡೆಯಲಾಗದೆ ಹೇಳಿಬಿಟ್ಟೆ. ಟೀಚರ್ ತಲೆಯಾಡಿಸಿದರು. ಆದರೆ ಕಣ್ಣು ಅಪ್ಪನ ಮೇಲೇ ಇತ್ತು.

“ಏನ್ರೀ ಮೆಕ್ಯಾನಿಕ್ರೇ, ಮೆಟ್ಟಿಲು ಕೆಟ್ಟಿದ್ಯಾ?”

ಅಪ್ಪ ಎರಡನೇ ಮಹಡಿಯ ಬಟನ್ ಒತ್ತಿ, ಬಾಗಿಲು ತೆರೆದೊಡನೆ ಇಳಿದುಹೋದರು. ಪಾಸಾಗೋದಕ್ಕೂ ಓದು ನಿಲ್ಲಿಸೋದಕ್ಕೂ ಏನು ಸಂಬಂಧ ಎಂದು ಟೀಚರ್ ನನ್ನನ್ನು ಕೇಳಿದರು. ಅವರ ಮಂಡಿಯ ಊತ ಇಳಿದಿತ್ತು. ಐದನೇ ಮಹಡಿ ಬರುವ ತನಕ ಕೆಳಗಿನಿಂದ ಅಪ್ಪನ ಬೂಟಿನ ಸದ್ದು ಕೇಳಿಸುತ್ತಿತ್ತು.